ಕಣ್ಣು ತೆರೆದಿದೆ, ಮೈ ಏಳುತ್ತಿಲ್ಲ

ನಿದ್ದೆಯಿಂದ ಎಚ್ಚರವಾದರೂ ಕೆಲಹೊತ್ತು ಮೈ ಅಲುಗದ ಸ್ಲೀಪ್ ಪ್ಯಾರಾಲಿಸಿಸ್‌ಗೆ 'ನಿದ್ರಾ ಪಾರ್ಶ್ವವಾಯು' ಎಂಬ ಹೆಸರು ಕನ್ನಡದಲ್ಲಿ ಹೇಗೋ ಬಳಕೆಗೆ ಬಂದುಬಿಟ್ಟಿದೆ. ನನಗೆ ಆ ಪದದ ಮೇಲೆ ಸಿಟ್ಟಿದೆ. ಪಾರ್ಶ್ವವೆಂದರೆ ಒಂದು ಮಗ್ಗುಲು. ಇಲ್ಲಿ ಅಲುಗಾಡದಿರುವುದು ಇಡೀ ಮೈ. ಅದೂ ಅಲ್ಲದೆ, ಪಾರ್ಶ್ವವಾಯು ಎಂದ ಕೂಡಲೇ ನಮ್ಮವರ ಕಣ್ಣ ಮುಂದೆ ಬರುವುದು ಲಕ್ವ ಹೊಡೆದು ಬಾಯಿ ಸೊಟ್ಟಗಾದ ಹಿರಿಯರು. ಮೊಬೈಲಿನಲ್ಲಿ ಈ ಪದ ಓದಿ, ಹೆದರಿ, ಮೆದುಳಿನ ಸ್ಕ್ಯಾನ್ ಮಾಡಿಸಿಕೊಂಡೇ ನನ್ನ ಬಳಿ ಬರುವವರಿದ್ದಾರೆ.

ಇಪ್ಪತ್ತಾರರ ಹುಡುಗನೊಬ್ಬ ತಾಯಿಯ ಜೊತೆ ಬಂದಿದ್ದ. ನಿದ್ದೆಯಿಂದ ಎಚ್ಚರವಾಗುತ್ತದೆ, ತಲೆಯ ಮೇಲೆ ಫ್ಯಾನ್ ತಿರುಗುವುದು ಕಾಣುತ್ತದೆ, ಅಡುಗೆಮನೆಯಲ್ಲಿ ಕುಕ್ಕರ್ ಕೂಗುವುದು ಕೇಳುತ್ತದೆ. ಆದರೆ ಕೈ ಎತ್ತಲಾಗದು, ಅಮ್ಮನನ್ನು ಕರೆಯಲು ದನಿ ಹೊರಡದು. ಬಾಗಿಲ ಬಳಿ ಯಾರೋ ನಿಂತಿದ್ದಾರೆ. ಹತ್ತಿರ ಬಂದು ಎದೆಯ ಮೇಲೆ ಕೂರುತ್ತಾರೆ.

"ಗಾಳಿ ಸೋಕಿದೆ ಎಂದು ಅಂತ್ರ ಕಟ್ಟಿಸಿದೆವು, ಡಾಕ್ಟರೇ" ಎಂದರು ತಾಯಿ, ಸಂಕೋಚದಿಂದ.

ಸಂಕೋಚಪಡಬೇಕಾದ್ದೇನಿಲ್ಲ. ಜಪಾನಿನವರು ಇದನ್ನು 'ಕನಶಿಬಾರಿ' ಎನ್ನುತ್ತಾರೆ, ಲೋಹದಿಂದ ಬಿಗಿದಂತೆ ಎಂದರ್ಥ. ಕೆನಡಾದ ನ್ಯೂಫೌಂಡ್‌ಲೆಂಡ್ ದ್ವೀಪದಲ್ಲಿ ಬರುವವಳು ಒಬ್ಬ ಮುದಿ ಮಾಟಗಾತಿ. ಊರೂರಿಗೆ ಭೂತದ ಹೆಸರು ಬೇರೆ, ಕೂರುವ ಜಾಗ ಮಾತ್ರ ಒಂದೇ.

ಆ ಜಾಗವೇ ಏಕೆ ಎಂಬುದಕ್ಕೆ ಉತ್ತರ ನಮ್ಮ ಮೈಯಲ್ಲೇ ಇದೆ. ಮಲಗಿದ ಸುಮಾರು 90 ನಿಮಿಷಕ್ಕೆ ಕನಸುಗಳ ನಿದ್ದೆ ಶುರುವಾಗುತ್ತದೆ. ವೈದ್ಯರು ಇದನ್ನು ರೆಮ್ ನಿದ್ರೆ ಎನ್ನುತ್ತಾರೆ. ಆಗ ಮಿದುಳಿನ ಕಾಂಡವು ಕೈಕಾಲುಗಳ ನರಕೋಶಗಳಿಗೆ ಬೀಗ ಹಾಕುತ್ತದೆ. ಇಲ್ಲದಿದ್ದರೆ ಕನಸಿನಲ್ಲಿ ಓಡಿದವರು ಹಾಸಿಗೆಯಿಂದಲೂ ಎದ್ದು ಓಡುತ್ತಿದ್ದರು. ಫ್ರಾನ್ಸಿನ ವಿಜ್ಞಾನಿ ಮಿಷೆಲ್ ಜುವೆ 1960ರ ದಶಕದಲ್ಲಿ ಬೆಕ್ಕುಗಳಲ್ಲಿ ಈ ಬೀಗದ ಜಾಗಕ್ಕೇ ಗಾಯ ಮಾಡಿ ನೋಡಿದರು. ಅವು ನಿದ್ದೆಯಲ್ಲೇ ಎದ್ದು, ಇಲ್ಲದ ಬೇಟೆಯ ಮೇಲೆ ಎರಗಿದವು. ವಯಸ್ಸಾದ ಕೆಲವು ಗಂಡಸರು ಕನಸಿನಲ್ಲಿ ಜಗಳವಾಡುತ್ತ ಪಕ್ಕದಲ್ಲಿ ಮಲಗಿದ ಹೆಂಡತಿಗೆ ಗುದ್ದುವುದೂ ಬೀಗ ಸಡಿಲಾದ ಇಂಥದ್ದೇ ತೊಂದರೆ, ಅದನ್ನು ನಗೆಯಾಡಿ ಬಿಡಬಾರದು.

ನಮ್ಮ ಹುಡುಗನದು ಇದಕ್ಕೆ ತದ್ವಿರುದ್ಧ. ಮನಸ್ಸು ಎದ್ದಿದೆ, ಬೀಗ ಇನ್ನೂ ತೆರೆದಿಲ್ಲ. ಕಣ್ಣಿನ ಸ್ನಾಯುಗಳಿಗೂ ಉಸಿರಾಟದ ಮುಖ್ಯ ಸ್ನಾಯುವಾದ ವಪೆಗೂ ಬೀಗವಿಲ್ಲ. ಆದ್ದರಿಂದಲೇ ಕಣ್ಣು ಆಡುತ್ತದೆ, ಉಸಿರು ನಡೆಯುತ್ತದೆ. ಆದರೆ ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಸಡಿಲವಾಗಿಯೇ ಇರುತ್ತವೆ. ಗಾಬರಿಯಿಂದ ಉಸಿರನ್ನು ಆಳವಾಗಿ ಎಳೆಯಲು ಹೋದರೆ ಎದೆ ಹಿಗ್ಗುವುದಿಲ್ಲ, ಭಾರವೆನಿಸುತ್ತದೆ. ಇನ್ನೂ ಮುಗಿಯದ ಕನಸು ಆ ಭಾರಕ್ಕೊಂದು ಮುಖ ಕೊಡುತ್ತದೆ. ಎಲ್ಲವೂ ಕೆಲವು ಸೆಕೆಂಡು, ಹೆಚ್ಚೆಂದರೆ ಒಂದೆರಡು ನಿಮಿಷ. ಅನುಭವಿಸುವವರಿಗೆ ಅದು ಒಂದು ಯುಗ. ಇಂಟರ್ನ್‌ಶಿಪ್‌ನಲ್ಲಿ ಸತತ ರಾತ್ರಿ ಡ್ಯೂಟಿ ಮಾಡಿದ ವಾರವೊಂದರಲ್ಲಿ ನನಗೂ ಆಗಿತ್ತು. ಪಠ್ಯದಲ್ಲಿ ಓದಿದ್ದ ವಿಷಯವೇ ಆದರೂ ಆ ಹೊತ್ತಿಗೆ ಒಂದು ಸಾಲೂ ನೆನಪಿಗೆ ಬರಲಿಲ್ಲ.

ಏನು ಕಂಡಿತು ಎಂದು ನಾನು ಹೆಚ್ಚು ಕೇಳುವುದಿಲ್ಲ. ಯಾವಾಗ ಮಲಗಿದಿರಿ ಎಂದು ಕೇಳುತ್ತೇನೆ. ಹುಡುಗನಿಗೆ ಒಂದು ವಾರ ರಾತ್ರಿ ಪಾಳಿ, ಮರುವಾರ ಹಗಲು. ಎಲ್ಲ ಸಲವೂ ಆಗಿದ್ದು ಪಾಳಿ ಬದಲಾದ ಮೊದಲ ಮೂರು ದಿನಗಳಲ್ಲಿ, ಅದೂ ಹಗಲು ಹನ್ನೊಂದರ ಬಿಸಿಲಿನಲ್ಲಿ. ಆ ದೆವ್ವಕ್ಕೆ ಅಮಾವಾಸ್ಯೆಯ ಲೆಕ್ಕವಿರಲಿಲ್ಲ, ಕಂಪನಿಯ ಪಾಳಿ ಪಟ್ಟಿಯ ಲೆಕ್ಕವಿತ್ತು. ನಿದ್ದೆ ಕೆಟ್ಟಷ್ಟೂ ರೆಮ್ ಹೊತ್ತಲ್ಲದ ಹೊತ್ತಿಗೆ ನುಗ್ಗುತ್ತದೆ. 2011ರಲ್ಲಿ 35 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಜೀವಮಾನದಲ್ಲಿ ಒಮ್ಮೆಯಾದರೂ ಇದನ್ನು ಕಂಡವರು ಸಾಮಾನ್ಯ ಜನರಲ್ಲಿ ನೂರಕ್ಕೆ ಸುಮಾರು 8, ವಿದ್ಯಾರ್ಥಿಗಳಲ್ಲಿ 28. ಪರೀಕ್ಷೆಯ ದಿನಗಳಲ್ಲಿ ಹಾಸ್ಟೆಲಿನ ದೀಪಗಳು ಎಷ್ಟು ಹೊತ್ತಿನವರೆಗೆ ಉರಿಯುತ್ತವೆ ಎಂದು ಬಲ್ಲವರಿಗೆ ಇದು ಆಶ್ಚರ್ಯವಲ್ಲ.

ಅಪರೂಪಕ್ಕೆ ಆದರೆ ಚಿಕಿತ್ಸೆ ಬೇಡ. ಆದರೆ ಜೋರಾದ ಗೊರಕೆ, ನಡುವೆ ಉಸಿರು ಕಟ್ಟುವುದು, ಬೆಳಗ್ಗೆ ತಲೆನೋವು ಜೊತೆಗಿದ್ದರೆ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ತೊಂದರೆ, ಇದೆಯೇ ಎಂದು ಪರೀಕ್ಷಿಸಬೇಕು. ಅದು ರಕ್ತದೊತ್ತಡವನ್ನೂ ಏರಿಸುತ್ತದೆ. ಹಗಲು ತಡೆಯಲಾಗದ ನಿದ್ದೆ, ಜೋರಾಗಿ ನಕ್ಕಾಗ ಮೊಣಕಾಲು ಕುಸಿಯುವುದು ಇದ್ದರೆ ಅದು ನಾರ್ಕೊಲೆಪ್ಸಿ ಎಂಬ ನಿದ್ರಾರೋಗ ಇರಬಹುದು. ಖಿನ್ನತೆಯ ಮಾತ್ರೆಗಳನ್ನು ಯಾರನ್ನೂ ಕೇಳದೆ ಥಟ್ಟನೆ ನಿಲ್ಲಿಸಿದವರಲ್ಲೂ ರೆಮ್ ಉಕ್ಕಿ ಬರುತ್ತದೆ.

ಹುಡುಗನಿಗೆ ಮಾತ್ರೆ ಬರೆಯಲಿಲ್ಲ. ಅಂಗಾತ ಮಲಗುವುದನ್ನು ಬಿಟ್ಟು ಮಗ್ಗುಲಿಗೆ ಮಲಗು, ಬಂದಾಗ ಇಡೀ ಮೈಯೊಡನೆ ಗುದ್ದಾಡದೆ ಒಂದು ಬೆರಳನ್ನಷ್ಟೇ ಅಲ್ಲಾಡಿಸಲು ನೋಡು ಎಂದೆ. ಪಾಳಿಯನ್ನು ವಾರಕ್ಕೊಮ್ಮೆ ಬದಲಿಸಬೇಡಿ ಎಂದು ಅವನ ಮೇಲಧಿಕಾರಿಗೆ ಪತ್ರ ಬರೆದುಕೊಟ್ಟೆ.

"ಅಂತ್ರ ಬಿಚ್ಚಬೇಕೇ?" ಎಂದು ಕೇಳಿದರು ತಾಯಿ.

"ಇರಲಿ ಅಮ್ಮಾ. ಅವನು ಮಲಗಿದಾಗ ಮಾತ್ರ ಕುಕ್ಕರ್ ಇಡಬೇಡಿ" ಎಂದೆ.