ಸಾಮಾನು ಹುಬ್ಬಳ್ಳಿಯಲ್ಲಿ, ಹುಡುಕಾಟ ಧಾರವಾಡದಲ್ಲಿ: ಪೈಥಾನ್ ಇಂಪೋರ್ಟ್ ಎರರ್ ಟಿಪ್ಪಣಿ

ನಮ್ಮದು ನಾಲ್ಕು ಜನರ ಕಲಿಕೆ ಗುಂಪು. ವಾರಕ್ಕೆ ಎರಡು ಸಂಜೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕೂಡುತ್ತೇವೆ. ಒಬ್ಬಳು ಗದಗಿನಿಂದ ರೈಲಿಗೆ ಬರುತ್ತಾಳೆ, ಒಬ್ಬ ಧಾರವಾಡದಿಂದ ಚಿಗರಿ ಬಸ್ಸಿಗೆ. ನಾಲ್ವರಲ್ಲಿ ಯಾರೂ ಇಂಜಿನಿಯರಿಂಗ್ ಓದಿದವರಲ್ಲ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಶುರು ಮಾಡಿದ ಮೊದಲ ತಿಂಗಳು ನಮ್ಮ ಅರ್ಧ ಹೊತ್ತನ್ನು ಒಂದೇ ಸಾಲು ತಿಂದು ಹಾಕಿತು: ‘ಮಾಡ್ಯೂಲ್‌ನಾಟ್‌ಫೌಂಡ್‌ಎರರ್: ನೋ ಮಾಡ್ಯೂಲ್ ನೇಮ್ಡ್ ಪಾಂಡಾಸ್’. ಪ್ರೋಗ್ರಾಂ ಒಳಗೆ ಇಂಪೋರ್ಟ್ ಮಾಡಲು, ಅಂದರೆ ಕರೆದುಕೊಳ್ಳಲು ಹೇಳಿದ ಪಾಂಡಾಸ್ ಅನ್ನುವ ಮಾಡ್ಯೂಲ್ (ಸಿದ್ಧ ಕೋಡಿನ ಕಟ್ಟು) ಸಿಗಲಿಲ್ಲ ಅಂತ ಅದರ ಅರ್ಥ. ಆಗ ಗೀಚಿಕೊಂಡಿದ್ದನ್ನೇ ಈಗ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಕಮಾಂಡ್‌ಗಳನ್ನು ಬಾಯಲ್ಲಿ ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಮಾಡಿ, ಎಲ್ಲಾ ಸಣ್ಣ ಅಕ್ಷರ.

ನನ್ನ ಕಥೆ ಹೀಗೆ. ಬ್ಯಾಡಗಿಯಲ್ಲಿ ನಮ್ಮ ಮಾವನವರದು ಮೆಣಸಿನಕಾಯಿ ದಲಾಲಿ ಅಂಗಡಿ. ಕಡ್ಡಿ ಎಷ್ಟಕ್ಕೆ ಹೋಯಿತು, ಡಬ್ಬಿ ಎಷ್ಟಕ್ಕೆ ಹೋಯಿತು (ಎರಡೂ ಮೆಣಸಿನಕಾಯಿ ತಳಿಗಳು) ಅಂತ ಎಕ್ಸೆಲ್‌ನಲ್ಲಿ ಬರೆದಿಡುತ್ತಾರೆ. ಅದನ್ನು ಪಾಂಡಾಸ್‌ನಲ್ಲಿ ಓದಿಸಿ ತಿಂಗಳ ಸರಾಸರಿ ತೆಗೆಯೋಣ ಅಂತ ನನ್ನ ಆಸೆ. ‘ಪಿಪ್ ಇನ್‌ಸ್ಟಾಲ್ ಪಾಂಡಾಸ್’ ಕೊಟ್ಟೆ. ಪಿಪ್ ಅಂದರೆ ಇಂಥ ಮಾಡ್ಯೂಲುಗಳನ್ನು ತಂದು ಹಾಕುವ ಸಾಧನ. ಚೆಂದಾಗಿ ಇನ್‌ಸ್ಟಾಲ್ ಆಯಿತು. ಪ್ರೋಗ್ರಾಂ ಓಡಿಸಿದರೆ ಪಾಂಡಾಸ್ ಇಲ್ಲ ಅಂತು. ಮತ್ತೆ ಇನ್‌ಸ್ಟಾಲ್ ಕೊಟ್ಟರೆ ‘ರಿಕ್ವೈರ್‌ಮೆಂಟ್ ಆಲ್‌ರೆಡಿ ಸ್ಯಾಟಿಸ್‌ಫೈಡ್’, ಅಂದರೆ ಆಗಲೇ ಇದೆಯಲ್ಲಮ್ಮ ಅಂತು. ಒಬ್ಬರು ಇದೆ ಅಂತಾರೆ, ಇನ್ನೊಬ್ಬರು ಇಲ್ಲ ಅಂತಾರೆ. ಮೂರು ಸಲ ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದೆ. ಪೈಥಾನನ್ನೇ ತೆಗೆದು ಮತ್ತೆ ಹಾಕಿದೆ. ಈಗ ಯೋಚಿಸಿದರೆ ಅದೇ ದೊಡ್ಡ ತಪ್ಪು, ಯಾಕಂದರೆ ಲ್ಯಾಪ್‌ಟಾಪಿನಲ್ಲಿ ಇನ್ನೂ ಒಂದು ಪೈಥಾನ್ ಸೇರಿಕೊಂಡಿತು.

ಧಾರವಾಡದ ಗೆಳೆಯ ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ಹಾಕೀದಿ ಖರೆ, ಆದ್ರ ಯಾವ ಪೈಥಾನ್‌ದಾಗ ಹಾಕೀದಿ?”

ಇಡೀ ಟಿಪ್ಪಣಿಯ ತಿರುಳು ಆ ಪ್ರಶ್ನೆಯಲ್ಲೇ ಇದೆ. ಹುಬ್ಬಳ್ಳಿ-ಧಾರವಾಡಕ್ಕೆ 1962ರಿಂದ ದಶಕಗಳ ಕಾಲ ಒಂದೇ ಮಹಾನಗರ ಪಾಲಿಕೆ ಇತ್ತು. ಹೇಳುವಾಗಲೂ ಒಂದೇ ಉಸಿರಿಗೆ ಹೇಳುತ್ತೇವೆ. ಆದರೆ ಹುಬ್ಬಳ್ಳಿ ಮನೆಯ ಕಪಾಟಿನಲ್ಲಿಟ್ಟ ಸಾಮಾನನ್ನು ಧಾರವಾಡದ ಮನೆಯಲ್ಲಿ ಹುಡುಕಿದರೆ ಸಿಗುತ್ತದಾ? ಒಂದು ಕಂಪ್ಯೂಟರಿನಲ್ಲಿ ಎರಡು ಮೂರು ಪೈಥಾನ್ ಇರುವುದು ತೀರಾ ಮಾಮೂಲು. ಪೈಥಾನ್ ವೆಬ್‌ಸೈಟಿನಿಂದ ಇಳಿಸಿದ್ದು ಒಂದು, ಮೈಕ್ರೋಸಾಫ್ಟ್ ಸ್ಟೋರಿನಿಂದ ಬಂದದ್ದು ಒಂದು, ಅನಕೊಂಡ ಹಾಕಿದಾಗ ಅದರ ಜೊತೆ ಬಂದದ್ದು ಇನ್ನೊಂದು. ಪ್ರತಿಯೊಂದಕ್ಕೂ ಅದರದೇ ‘ಸೈಟ್-ಪ್ಯಾಕೇಜಸ್’ ಅನ್ನುವ ಫೋಲ್ಡರ್ ಇದೆ. ಪಿಪ್ ಹಾಕುವುದು ಅಲ್ಲಿಗೇ. ಒಂದರ ಫೋಲ್ಡರ್ ಇನ್ನೊಂದಕ್ಕೆ ಕಾಣುವುದಿಲ್ಲ.

ಹಾಗಾಗಿ ಆ ಎರರ್‌ನ ಅರ್ಥ ‘ಪಾಂಡಾಸ್ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲ’ ಅಂತಲ್ಲ. ‘ಈಗ ಓಡುತ್ತಿರುವ ಈ ಪೈಥಾನಿಗೆ, ಅದು ಹುಡುಕುವ ಜಾಗಗಳಲ್ಲಿ ಸಿಗಲಿಲ್ಲ’ ಅಂತ. ಯಾವ ಪೈಥಾನ್, ಯಾವ ಜಾಗಗಳು, ಈ ಎರಡು ಗೊತ್ತಾದರೆ ಹತ್ತರಲ್ಲಿ ಎಂಟು ಸಲ ಕೆಲಸ ಮುಗಿದ ಹಾಗೆ. (ಹತ್ತರಲ್ಲಿ ಎಂಟು ಅನ್ನೋದು ನಮ್ಮ ಗುಂಪಿನ ಲೆಕ್ಕ, ಸುಮ್ನೆ ಅಂದಾಜು.)

ಯಾವ ಪೈಥಾನ್?

ಎರರ್ ಬಂದ ಫೈಲಿನಲ್ಲೇ, ಎಲ್ಲಕ್ಕಿಂತ ಮೇಲೆ ಎರಡು ಸಾಲು ಸೇರಿಸಿ. ಮೊದಲು ‘ಇಂಪೋರ್ಟ್ ಸಿಸ್’. ಆಮೇಲೆ ‘ಸಿಸ್.ಎಕ್ಸಿಕ್ಯೂಟಬಲ್’ ಪ್ರಿಂಟ್ ಮಾಡಿಸಿ. ಈ ಫೈಲನ್ನು ಓಡಿಸುತ್ತಿರುವ ಪೈಥಾನಿನ ಪೂರ್ತಿ ವಿಳಾಸ ಬರುತ್ತದೆ. ನಂತರ ಕಮಾಂಡ್ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ‘ಪಿಪ್ --ವರ್ಷನ್’ ಕೊಡಿ. ಅದು ತನ್ನ ನಂಬರಿನ ಜೊತೆ ತಾನಿರುವ ಫೋಲ್ಡರ್ ಮತ್ತು ತಾನು ಯಾವ ಪೈಥಾನಿಗೆ ಸೇರಿದವನು ಅನ್ನುವುದನ್ನೂ ಹೇಳುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನನ್ನದರಲ್ಲಿ ಒಂದು 3.12, ಇನ್ನೊಂದು 3.9!

ತಮಾಷೆ ಅಂದರೆ ಉತ್ತರ ನನ್ನ ಕಣ್ಣೆದುರೇ ಇತ್ತು. ‘ಆಲ್‌ರೆಡಿ ಸ್ಯಾಟಿಸ್‌ಫೈಡ್’ ಅನ್ನುವ ಸಾಲಿನ ಮುಂದೆಯೇ ಪಾಂಡಾಸ್ ಯಾವ ಫೋಲ್ಡರಿನಲ್ಲಿದೆ ಅಂತ ಬರೆದಿರುತ್ತದೆ. ನಾನು ಅಷ್ಟುದ್ದ ಓದಿರಲೇ ಇಲ್ಲ.

ಪರಿಹಾರ ಸುಲಭ. ಇನ್ನು ಮುಂದೆ ಬರೀ ‘ಪಿಪ್ ಇನ್‌ಸ್ಟಾಲ್’ ಅನ್ನಬೇಡಿ. ‘ಪೈಥಾನ್ -ಎಮ್ ಪಿಪ್ ಇನ್‌ಸ್ಟಾಲ್ ಪಾಂಡಾಸ್’ ಅನ್ನಿ. ‘-ಎಮ್’ ಹಾಕಿದಾಗ ಆ ಪೈಥಾನೇ ತನ್ನ ಪಿಪ್ಪನ್ನು ಕರೆಯುತ್ತದೆ, ಸಾಮಾನು ಅದರದೇ ಕಪಾಟಿಗೆ ಹೋಗುತ್ತದೆ. ಇಷ್ಟು ಜಾಸ್ತಿ ಟೈಪ್ ಮಾಡಬೇಕಲ್ಲ ಅಂತ ನಾನೂ ಗೊಣಗಿದ್ದೆ. ಈಗ ಬೆರಳಿಗೆ ರೂಢಿಯಾಗಿದೆ. ವಿಂಡೋಸ್‌ನಲ್ಲಿ ಎಷ್ಟು ಪೈಥಾನ್ ಇವೆ ಅಂತ ಎಣಿಸಬೇಕಾದರೆ ‘ಪಿವೈ’ ಅಂತ ಹೊಡೆದು, ಜಾಗ ಬಿಟ್ಟು, ಹೈಫನ್, ಸೊನ್ನೆ, ಪಿ. ಅದಕ್ಕೆ ಗೊತ್ತಿರುವ ಪೈಥಾನುಗಳ ವಿಳಾಸ ಸಾಲಾಗಿ ಬರುತ್ತದೆ.

ವಿಎಸ್ ಕೋಡ್ ಎಡಿಟರ್ ಬಳಸುವವರು ಪೈಥಾನ್ ಫೈಲ್ ತೆರೆದಾಗ ಕೆಳಗೆ ಬಲಗಡೆ ಮೂಲೆ ನೋಡಿ. ಅಲ್ಲಿ ವರ್ಷನ್ ನಂಬರ್ ಇರುತ್ತದೆ. ಅದನ್ನು ಒತ್ತಿದರೆ ಬೇರೆ ಪೈಥಾನ್ ಆರಿಸಿಕೊಳ್ಳಬಹುದು. ಟರ್ಮಿನಲ್‌ನಲ್ಲಿ ಓಡುವ ಪ್ರೋಗ್ರಾಂ ಎಡಿಟರಿನ ಬಟನ್ ಒತ್ತಿದರೆ ಓಡುವುದಿಲ್ಲ ಅಂದರೆ ಕಾರಣ ಹೆಚ್ಚಾಗಿ ಇದೇ. ಜುಪಿಟರ್ ನೋಟ್‌ಬುಕ್‌ನಲ್ಲಿ ಆದರೆ ಸೆಲ್ ಒಳಗೇ ಶೇಕಡಾ ಚಿಹ್ನೆ ಹಾಕಿ ‘%ಪಿಪ್ ಇನ್‌ಸ್ಟಾಲ್’ ಕೊಡಿ. ಆ ನೋಟ್‌ಬುಕ್ ಬಳಸುವ ಪೈಥಾನಿಗೇ ಹೋಗುತ್ತದೆ.

ಯಾವ ಜಾಗಗಳು?

‘ಇಂಪೋರ್ಟ್’ ಅಂದ ಕೂಡಲೇ ಪೈಥಾನ್ ಮೊದಲು ‘ಸಿಸ್.ಮಾಡ್ಯೂಲ್ಸ್’ ನೋಡುತ್ತದೆ. ಆಗಲೇ ತಂದಿಟ್ಟದ್ದಿದ್ದರೆ ಮತ್ತೆ ಹುಡುಕುವುದಿಲ್ಲ. ಇಲ್ಲವಾದರೆ ತನ್ನೊಳಗೇ ಬೆಸೆದುಕೊಂಡಿರುವ ಕೆಲವು ಮಾಡ್ಯೂಲ್‌ಗಳನ್ನು ನೋಡುತ್ತದೆ. ಆಮೇಲೆ ‘ಸಿಸ್.ಪಾತ್’ ಅನ್ನುವ ಪಟ್ಟಿ ಹಿಡಿದು ಒಂದೊಂದೇ ಫೋಲ್ಡರ್ ಹುಡುಕುತ್ತಾ ಹೋಗುತ್ತದೆ. ಆ ಪಟ್ಟಿಯಲ್ಲಿ ಮೊದಲನೆಯದು ನೀವು ಓಡಿಸುತ್ತಿರುವ ಫೈಲ್ ಇರುವ ಫೋಲ್ಡರ್. ನಂತರ ‘ಪೈಥಾನ್‌ಪಾತ್’ನಲ್ಲಿ (ಇದು ಕಂಪ್ಯೂಟರಿನ ಒಂದು ಸೆಟ್ಟಿಂಗ್) ಏನಾದರೂ ಬರೆದಿದ್ದರೆ ಅದು. ಆಮೇಲೆ ಪೈಥಾನಿನ ಸ್ವಂತ ಲೈಬ್ರರಿ. ಕೊನೆಗೆ ಸೈಟ್-ಪ್ಯಾಕೇಜಸ್. ಮೊದಲು ಎಲ್ಲಿ ಸಿಕ್ಕಿತೋ ಅಲ್ಲಿಗೆ ಹುಡುಕಾಟ ಬಂದ್.

ಮೊದಲು ನಮ್ಮ ಮನೆ, ಆಮೇಲೆ ಪೇಟೆ. ಈ ಕ್ರಮದಿಂದಲೇ ನನಗೆ ಎರಡನೇ ಪೆಟ್ಟು ಬಿತ್ತು. ಮೆಣಸಿನಕಾಯಿ ರೇಟನ್ನು ಅಲ್ಪವಿರಾಮ ಹಾಕಿ ಬರೆದಿಟ್ಟ ಸಿಎಸ್‌ವಿ ಫೈಲ್ ಓದಲು ಒಂದು ಪ್ರೋಗ್ರಾಂ ಬರೆದು, ಅದಕ್ಕೆ ‘ಸಿಎಸ್‌ವಿ.ಪಿವೈ’ ಅಂತಲೇ ಹೆಸರಿಟ್ಟೆ. ಒಳಗೆ ‘ಇಂಪೋರ್ಟ್ ಸಿಎಸ್‌ವಿ’. ಪೈಥಾನ್ ಮೊದಲು ಮನೆಯಲ್ಲಿ ಹುಡುಕಿತು, ನನ್ನ ಫೈಲೇ ಸಿಕ್ಕಿತು, ಅದನ್ನೇ ತಂದಿತು. ಪೈಥಾನಿನ ಸ್ವಂತ ಲೈಬ್ರರಿಯ ಸಿಎಸ್‌ವಿ ಮಾಡ್ಯೂಲಿನಲ್ಲಿರುವ ‘ರೀಡರ್’ ನನ್ನ ಫೈಲಿನಲ್ಲಿ ಎಲ್ಲಿಂದ ಬರಬೇಕು? ‘ಪಾರ್ಷಿಯಲಿ ಇನಿಷಿಯಲೈಸ್ಡ್ ಮಾಡ್ಯೂಲ್’ ಅಂತ ಉದ್ದದ ಎರರ್ ಬಂತು, ಬಾಲದಲ್ಲಿ ‘ಸರ್ಕ್ಯುಲರ್ ಇಂಪೋರ್ಟ್’ (ಫೈಲುಗಳು ಒಂದನ್ನೊಂದು ಕರೆಯುವುದು) ಇರಬಹುದು ಅಂತ ಒಂದು ಊಹೆ ಬೇರೆ. ಆ ಊಹೆ ನಂಬಿ ಒಂದು ಸಂಜೆ ಹಾಳಾಯಿತು. ಅದಕ್ಕಿಂತ ಮಜಾ ಅಂದರೆ ಅದೇ ಫೋಲ್ಡರಿನಲ್ಲಿದ್ದ ಬೇರೆ ಫೈಲುಗಳೂ ಕೆಟ್ಟವು. ಪಾಂಡಾಸ್ ಕೂಡ ಒಳಗೆ ಸಿಎಸ್‌ವಿ ಮಾಡ್ಯೂಲ್ ಕರೆಯುತ್ತದೆ. ಅದಕ್ಕೂ ನನ್ನ ಫೈಲೇ ಸಿಕ್ಕಿತು, ಅಲ್ವಾ. ಎರರ್ ಪಾಂಡಾಸ್ ಒಳಗಿನ ಯಾವುದೋ ಸಾಲಿನಲ್ಲಿ ಕಂಡಿತು, ತಪ್ಪು ನನ್ನ ಹೆಸರಿಡುವಿಕೆಯಲ್ಲಿತ್ತು.

ಫೈಲಿನ ಹೆಸರು ‘ಮೆಣಸು_ರೇಟು’ ಅಂತ ಬದಲಿಸಿದ ಕೂಡಲೇ ಸರಿಹೋಯಿತು. ಪೈಥಾನ್ ಫೈಲುಗಳ ನಕಲು ಇಟ್ಟುಕೊಳ್ಳುವ ‘ಪೈಕ್ಯಾಶ್’ ಫೋಲ್ಡರ್ ಅಳಿಸಿ ಅಂತ ತುಂಬಾ ಜನ ಹೇಳುತ್ತಾರೆ. ಪೈಥಾನ್ 3ರಲ್ಲಿ ಮೂಲ ಫೈಲ್ ಹೋದರೆ ಆ ಫೋಲ್ಡರಿನಲ್ಲಿರುವ ಹಳೆಯ ನಕಲನ್ನು ಅದು ಬಳಸುವುದಿಲ್ಲ. ಅಳಿಸಿದರೆ ನಷ್ಟವೇನೂ ಇಲ್ಲ, ಆದರೆ ಅದು ಮದ್ದಲ್ಲ. ಅನುಮಾನ ಬಂದಾಗ ‘ಸಿಎಸ್‌ವಿ’ಯ ಹೆಸರು ಬರೆದು, ಅದರ ನಂತರ ಚುಕ್ಕಿ, ಎರಡು ಅಂಡರ್‌ಸ್ಕೋರ್, ‘ಫೈಲ್’, ಮತ್ತೆ ಎರಡು ಅಂಡರ್‌ಸ್ಕೋರ್ ಹಾಕಿ ಪ್ರಿಂಟ್ ಮಾಡಿಸಿ. ಯಾವ ಫೈಲಿನಿಂದ ಬಂತು ಅಂತ ಅದೇ ಬಾಯಿಬಿಡುತ್ತದೆ. ‘ರ‍್ಯಾಂಡಮ್’, ‘ಈಮೇಲ್’, ‘ಪಾಂಡಾಸ್’ ಅಂತ ನಿಮ್ಮ ಫೈಲಿಗೆ ಹೆಸರಿಡುವ ಆಸೆ ಬಂದರೆ ತಡೆದುಕೊಳ್ಳಿ. 3.13ರಿಂದ ಈಚೆಗೆ ಪೈಥಾನೇ ಹೆಸರು ಬದಲಿಸಿ ನೋಡಿ ಅಂತ ಎರರ್ ಜೊತೆಗೆ ಸುಳಿವು ಕೊಡುತ್ತದೆ. ನನ್ನದು ಹಳೆಯದಾಗಿತ್ತು.

ಇನ್ನೊಂದು ಗೊಂದಲ ನಿಮ್ಮದೇ ಫೈಲುಗಳದ್ದು. ‘ಅಂಗಡಿ’ ಅನ್ನುವ ಫೋಲ್ಡರಿನೊಳಗೆ ‘ಲೆಕ್ಕ’ ಮತ್ತು ‘ರೇಟು’ ಅಂತ ಎರಡು ಫೈಲ್. ‘ಲೆಕ್ಕ’ದೊಳಗೆ ಚುಕ್ಕಿ ಹಾಕಿ ‘ಫ್ರಮ್ .ರೇಟು ಇಂಪೋರ್ಟ್’ ಅಂತ ಬರೆದು, ಆ ಫೈಲನ್ನೇ ನೇರ ಓಡಿಸಿದರೆ ‘ನೋ ನೋನ್ ಪೇರೆಂಟ್ ಪ್ಯಾಕೇಜ್’ ಅನ್ನುತ್ತದೆ. ಚುಕ್ಕಿ ಅಂದರೆ ‘ನನ್ನ ಮನೆಯವರು’ ಅಂತ. ನೇರ ಓಡಿಸಿದಾಗ ಆ ಫೈಲಿಗೆ ತಾನು ಯಾವ ಮನೆಯವನು ಅಂತಲೇ ಗೊತ್ತಿರುವುದಿಲ್ಲ. ‘ಅಂಗಡಿ’ ಫೋಲ್ಡರಿನ ಹೊರಗೆ ಬಂದು ನಿಂತು ‘ಪೈಥಾನ್ -ಎಮ್ ಅಂಗಡಿ.ಲೆಕ್ಕ’ ಅನ್ನಿ. ಫೈಲ್ ನೇರ ಓಡಿಸಿದರೆ ಪಟ್ಟಿಯಲ್ಲಿ ಮೊದಲು ಬರುವುದು ಫೈಲ್ ಇರುವ ಜಾಗ. ‘-ಎಮ್’ ಹಾಕಿದರೆ ನೀವು ನಿಂತಿರುವ ಜಾಗ. ಈ ವ್ಯತ್ಯಾಸ ನನಗೆ ತಲೆಗೆ ಹೋಗಲು ಎರಡು ವಾರ ಬೇಕಾಯಿತು.

ಹೆಸರು ಬೇರೆ, ಕರೆಯೋದು ಬೇರೆ

ಹುಬ್ಬಳ್ಳಿ ಸ್ಟೇಷನ್ನಿನ ಪೂರ್ತಿ ಹೆಸರು ಶ್ರೀ ಸಿದ್ಧಾರೂಢ ಸ್ವಾಮೀಜಿ ಅವರದು. ರೈಲ್ವೆ ಕೋಡ್ ಮಾತ್ರ ಯುಬಿಎಲ್. ಪೈಥಾನಿನಲ್ಲೂ ಹೀಗೇ ಆಗುತ್ತದೆ. ಇನ್‌ಸ್ಟಾಲ್ ಮಾಡುವಾಗ ‘ಓಪನ್‌ಸಿವಿ-ಪೈಥಾನ್’, ಇಂಪೋರ್ಟ್ ಮಾಡುವಾಗ ‘ಸಿವಿ2’. ‘ಪಿಲ್ಲೋ’ ಹಾಕಿ ‘ಪಿಐಎಲ್’ ಕರೆಯಬೇಕು, ಇದು ಮಾತ್ರ ದೊಡ್ಡ ಅಕ್ಷರದಲ್ಲಿ. ‘ಸೈಕಿಟ್-ಲರ್ನ್’ ಹಾಕಿ ‘ಎಸ್‌ಕೆಲರ್ನ್’. ‘ಬ್ಯೂಟಿಫುಲ್‌ಸೂಪ್4’ ಹಾಕಿ ‘ಬಿಎಸ್4’. ಎರರ್‌ನಲ್ಲಿ ಕಂಡ ಹೆಸರನ್ನೇ ಕಣ್ಣುಮುಚ್ಚಿ ಪಿಪ್‌ಗೆ ಕೊಡಬೇಡಿ. ಅದೇ ಹೆಸರಿನಲ್ಲಿ ಬೇರೆ ಯಾರೋ ಬೇರೆ ಏನೋ ಇಟ್ಟಿರಬಹುದು, ಕೆಟ್ಟ ಉದ್ದೇಶದ್ದೂ ಇರಬಹುದು. ಆ ಪ್ಯಾಕೇಜಿನ ಸ್ವಂತ ಪುಟದಲ್ಲಿ ಏನು ಹಾಕಬೇಕು ಅಂತ ಬರೆದಿದ್ದಾರೋ ಅದನ್ನು ನೋಡಿ ಹಾಕಿ.

ಪಾಂಡಾಸ್ ಸಿಕ್ಕ ಮೇಲೂ ಎಕ್ಸೆಲ್ ಓದುವಾಗ ‘ಓಪನ್‌ಪೈಎಕ್ಸ್‌ಎಲ್’ ಬೇಕು ಅಂತ ಇಂಪೋರ್ಟ್ ಎರರ್ ಬಂದರೆ ಹೆದರಬೇಡಿ. ಅದು ಪಾಂಡಾಸ್ ಜೊತೆ ತಾನಾಗಿ ಬರುವುದಿಲ್ಲ, ಬೇರೆಯಾಗಿ ಹಾಕಿಕೊಳ್ಳಬೇಕು.

ಬುತ್ತಿ ಕಟ್ಟಿಕೊಳ್ಳೋದು

ಪ್ರತಿ ಕೆಲಸಕ್ಕೂ ಅದರದೇ ಬುತ್ತಿ ಇದ್ದರೆ ಈ ಗೊಂದಲ ಬಹಳಷ್ಟು ಕಡಿಮೆ. ಅದಕ್ಕೇ ‘ವಿಎನ್‌ವಿ’ (ವರ್ಚುವಲ್ ಎನ್ವಿರಾನ್‌ಮೆಂಟ್; ಟೈಪ್ ಮಾಡುವಾಗ ವಿ, ಇ, ಎನ್, ವಿ) ಇರುವುದು. 3.3ರಿಂದ ಪೈಥಾನ್ ಜೊತೆಗೇ ಬರುತ್ತದೆ. ಪ್ರಾಜೆಕ್ಟ್ ಫೋಲ್ಡರಿನಲ್ಲಿ ನಿಂತು ‘ಪೈಥಾನ್ -ಎಮ್ ವಿಎನ್‌ವಿ .ವಿಎನ್‌ವಿ’ ಕೊಟ್ಟರೆ ಅಲ್ಲೇ ಒಂದು ಪುಟ್ಟ ಪೈಥಾನ್, ಅದರದೇ ಸೈಟ್-ಪ್ಯಾಕೇಜಸ್ ತಯಾರು. ಆಮೇಲೆ ‘ಆಕ್ಟಿವೇಟ್’ ಮಾಡಬೇಕು, ಅಂದರೆ ಈ ಟರ್ಮಿನಲ್ ಆ ಪುಟ್ಟ ಪೈಥಾನನ್ನೇ ಬಳಸುವ ಹಾಗೆ ಮಾಡಬೇಕು. ಹೊಸ ಟರ್ಮಿನಲ್ ತೆರೆದಾಗಲೆಲ್ಲ ಮಾಡಬೇಕು, ಇದನ್ನು ಮರೆತವರೇ ಜಾಸ್ತಿ. ಪವರ್‌ಶೆಲ್‌ನಲ್ಲಿ ಸ್ಕ್ರಿಪ್ಟ್ ಓಡಿಸಲು ಬಿಡುವುದಿಲ್ಲ ಅಂತ ತಕರಾರು ಬಂದರೆ ಕಮಾಂಡ್ ಪ್ರಾಂಪ್ಟ್ ತೆರೆದು ಮಾಡಿ. ಅದೂ ಬೇಡ ಅಂದರೆ ‘.ವಿಎನ್‌ವಿ’ ಒಳಗಿನ ‘ಸ್ಕ್ರಿಪ್ಟ್ಸ್’ ಫೋಲ್ಡರಿನಲ್ಲಿರುವ ಪೈಥಾನನ್ನೇ ಪೂರ್ತಿ ವಿಳಾಸ ಕೊಟ್ಟು ಓಡಿಸಿ. ಆಕ್ಟಿವೇಟ್ ಬರೀ ಅನುಕೂಲಕ್ಕೆ, ಅದಿಲ್ಲದೆಯೂ ನಡೆಯುತ್ತದೆ.

ಗದಗಿನ ಗೆಳತಿಗೆ ನಾನು ಒಮ್ಮೆ ಇಡೀ ಫೋಲ್ಡರನ್ನು ವಿಎನ್‌ವಿ ಸಮೇತ ಪೆನ್‌ಡ್ರೈವ್‌ನಲ್ಲಿ ಕೊಟ್ಟೆ. ಅವಳ ಹತ್ತಿರ ಓಡಲೇ ಇಲ್ಲ. ವಿಎನ್‌ವಿ ಒಳಗೆ ನನ್ನ ಲ್ಯಾಪ್‌ಟಾಪಿನ ವಿಳಾಸಗಳೇ ಬರೆದಿರುತ್ತವೆ. ಒಂದೇ ಕಂಪ್ಯೂಟರಿನಲ್ಲಿ ಫೋಲ್ಡರ್ ಜಾಗ ಬದಲಿಸಿದರೂ ಅದು ಕೈಕೊಡುತ್ತದೆ. ಬುತ್ತಿ ಕಳಿಸಬೇಡಿ, ಕಿರಾಣಿ ಚೀಟಿ ಕಳಿಸಿ. ‘ಪೈಥಾನ್ -ಎಮ್ ಪಿಪ್ ಫ್ರೀಝ್’ ಕೊಟ್ಟು ಬಂದ ಪಟ್ಟಿಯನ್ನು ‘ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ’ ಫೈಲಿನಲ್ಲಿ ಉಳಿಸಿ ಕೊಡಿ. ಅವರು ತಮ್ಮ ಕಡೆ ಹೊಸ ವಿಎನ್‌ವಿ ಮಾಡಿ ಆ ಪಟ್ಟಿಯಿಂದ ಹಾಕಿಕೊಳ್ಳಲಿ.

ಚಿಲ್ಲರೆ ವಿಷಯಗಳು ಬೇಗ ಬೇಗ. ‘ಕಾಂಟ್ ಇಂಪೋರ್ಟ್ ನೇಮ್’ ಥರದ ಎರರ್ ಬಂದರೆ ಮಾಡ್ಯೂಲ್ ಸಿಕ್ಕಿದೆ, ಅದರೊಳಗಿನ ಹೆಸರು ಸಿಕ್ಕಿಲ್ಲ ಅಂತ. ಕಾಗುಣಿತ ನೋಡಿ, ವರ್ಷನ್ ನೋಡಿ. ದೊಡ್ಡ ಅಕ್ಷರ, ಸಣ್ಣ ಅಕ್ಷರ ವಿಂಡೋಸ್‌ನಲ್ಲೂ ಇಂಪೋರ್ಟ್‌ಗೆ ಬೇರೆ ಬೇರೆಯೇ. ‘ಡಿಸ್ಟ್‌ಯುಟಿಲ್ಸ್’ ಇಲ್ಲ ಅಂದರೆ ನಿಮ್ಮದು 3.12 ಅಥವಾ ಹೊಸದು, ಅದನ್ನು ಅಲ್ಲಿಂದ ತೆಗೆದುಹಾಕಿದ್ದಾರೆ. ‘ಸೆಟಪ್‌ಟೂಲ್ಸ್’ ಹಾಕಿದರೆ ಸಾಮಾನ್ಯವಾಗಿ ನಡೆಯುತ್ತದೆ. ಮೂರು ಬಾಣದ ಗುರುತು ಇರುವ ಪೈಥಾನ್ ಪ್ರಾಂಪ್ಟಿನೊಳಗೆ ಪಿಪ್ ಕಮಾಂಡ್ ಕೊಟ್ಟರೆ ಸಿಂಟ್ಯಾಕ್ಸ್ ಎರರ್ ಬರುತ್ತದೆ, ಹೊರಗೆ ಬಂದು ಕೊಡಿ.

ವಿಂಡೋಸ್ ಬದಲು ಉಬುಂಟು ಲಿನಕ್ಸ್ ಬಳಸುವವರಿಗೆ ಒಂದು ಮಾತು ಜಾಸ್ತಿ. ಹೊಸ ಆವೃತ್ತಿಗಳಲ್ಲಿ ಪಿಪ್ ಕೊಟ್ಟರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್’ ಅಂತ ತಡೆಯುತ್ತದೆ. ಆ ಪೈಥಾನ್ ಮೇಲೆ ಸಿಸ್ಟಂನ ಕೆಲಸಗಳೇ ನಿಂತಿವೆ, ನೀನು ಕೈ ಹಾಕಬೇಡ ಅಂತ ಅರ್ಥ. ‘ಬ್ರೇಕ್ ಸಿಸ್ಟಂ ಪ್ಯಾಕೇಜಸ್’ ಅನ್ನುವ ಆಯ್ಕೆ ಇದೆ, ಹೆಸರಲ್ಲೇ ಎಚ್ಚರಿಕೆ ಇದೆ. ನಾನಂತೂ ಮುಟ್ಟಿಲ್ಲ. ವಿಎನ್‌ವಿ ಮಾಡಿಕೊಳ್ಳಿ.

ಗದಗಿನ ಗೆಳತಿಯದು ಉಬುಂಟು. ಕಳೆದ ವಾರ ಅವಳಿಗೆ ‘ಟಿಕಿಂಟರ್’ (ಕಿಟಕಿ, ಬಟನ್ ಮಾಡುವ ಮಾಡ್ಯೂಲ್) ಇಲ್ಲ ಅಂತ ಬಂತು. ಪೈಥಾನ್ ಜೊತೆ ಬರಬೇಕಾದದ್ದು ತಾನೇ? ಉಬುಂಟುನಲ್ಲಿ ಅದನ್ನು ಬೇರೆ ಪೊಟ್ಟಣ ಮಾಡಿ ಇಟ್ಟಿದ್ದಾರೆ, ಪಿಪ್‌ನಿಂದ ಬರುವುದಿಲ್ಲ. ‘ಸುಡೊ ಆಪ್ಟ್ ಇನ್‌ಸ್ಟಾಲ್ ಪೈಥಾನ್3-ಟಿಕೆ’ ಕೊಟ್ಟಳು, ಬಂತು. “ಇದು ಸಿಸ್ಟಂ ಪೈಥಾನಿಗೆ ಹೋತು. ನಂದು ವಿಎನ್‌ವಿ ಐತಿ. ಅದಕ್ಕ ಕಾಣಸ್ತದೇನು?” ಅಂತ ಅವಳೇ ಕೇಳಿದಳು. ಕಾಣಿಸಿತು. ಅವಳ ವಿಎನ್‌ವಿ ಮಾಡಿದ್ದು ಅದೇ ಸಿಸ್ಟಂ ಪೈಥಾನಿನಿಂದ, ಸ್ವಂತ ಲೈಬ್ರರಿಯನ್ನು ವಿಎನ್‌ವಿ ಅಲ್ಲಿಂದಲೇ ತೆಗೆದುಕೊಳ್ಳುತ್ತದೆ. ಬೇರೆ ಇರುವುದು ಸೈಟ್-ಪ್ಯಾಕೇಜಸ್ ಮಾತ್ರ.