ಮೊಲೆತೊಟ್ಟಿನ ತುರಿಕೆ: ಎಳನೀರಿಗೆ ಹೋಗದಿದ್ದರೆ?

ಮೊಲೆತೊಟ್ಟು ತುರಿಸುತ್ತಿದೆ ಎಂದು ಹೆಣ್ಣುಮಗಳೊಬ್ಬಳು ಮನೆಯಲ್ಲಿ ಬಾಯಿಬಿಟ್ಟರೆ ಸಿಗುವ ಉತ್ತರ ಬಹುತೇಕ ಒಂದೇ: 'ಮೈ ಉಷ್ಣ ಆಗಿದೆ, ಎಳನೀರು ಕುಡಿ.' ಬಾಣಂತಿಯಾದರೆ ಹಾಲಿಗೆ ದೃಷ್ಟಿ ತಗುಲಿತೆಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾರೆ. ಎಳನೀರಿನಿಂದ ಕೆಡುಕೇನಿಲ್ಲ. ಆದರೆ ಅದನ್ನು ನಂಬಿಕೊಂಡು ತಿಂಗಳುಗಟ್ಟಲೆ ಸುಮ್ಮನಿರುವುದು ಅಪಾಯ.

ಹೆಚ್ಚಿನ ಸಲ ಕಾರಣ ಸರಳವೇ. ತೊಟ್ಟಿನ ಚರ್ಮ ತೆಳು, ಅಲ್ಲಿ ನರಗಳ ತುದಿಗಳು ದಟ್ಟ. ಅದರ ಸುತ್ತಲಿನ ಕಪ್ಪು ಭಾಗದಲ್ಲಿ ಸಣ್ಣ ಗುಳ್ಳೆಗಳಂತೆ ಎದ್ದು ಕಾಣುವ ಗ್ರಂಥಿಗಳಿವೆ. ಐರ್ಲೆಂಡಿನ ಪ್ರಸೂತಿ ವೈದ್ಯ ವಿಲಿಯಂ ಮಾಂಟ್ಗೊಮರಿ 1837ರಲ್ಲಿ ಇವನ್ನು ಬಸಿರಿನ ಗುರುತುಗಳ ಪೈಕಿ ವಿವರಿಸಿದ. ಇಂದಿಗೂ ಅವಕ್ಕೆ ಅವನದೇ ಹೆಸರು. ಜಿಡ್ಡು ಸುರಿಸಿ ಚರ್ಮವನ್ನು ಮೆದುವಾಗಿಡುವುದು ಇವುಗಳ ಕೆಲಸ. ಮೊಡವೆ ಎಂದುಕೊಂಡು ಇವನ್ನು ಹಿಚುಕುವವರಿದ್ದಾರೆ, ದಯವಿಟ್ಟು ಹಿಚುಕಬೇಡಿ. ಸುಡುನೀರು ಹೊಯ್ದುಕೊಂಡು ಸೋಪು ಹಚ್ಚಿ ತಿಕ್ಕಿದರೆ ಆ ಜಿಡ್ಡೆಲ್ಲ ತೊಳೆದುಹೋಗಿ ಚರ್ಮ ಒಣಗುತ್ತದೆ, ನವೆ ಶುರುವಾಗುತ್ತದೆ. ಬ್ರಾ ಬಟ್ಟೆಯಲ್ಲಿ ಉಳಿದ ಡಿಟರ್ಜೆಂಟ್, ಬೆವರಿಗೆ ಅಂಟುವ ನೈಲಾನ್, ಸುಗಂಧದ ಲೋಷನ್ ಕೂಡ ಇದೇ ಕೆಲಸ ಮಾಡುತ್ತವೆ. ಬಸುರಿಯರಲ್ಲಿ ಚರ್ಮ ಹಿಗ್ಗುವುದರಿಂದ ತುರಿಕೆ. ದೂರ ಓಡುವ ಗಂಡಸರ ತೊಟ್ಟು ಟೀ ಶರ್ಟಿಗೆ ಉಜ್ಜಿ ರಕ್ತ ಬರುವುದೂ ಉಂಟು. ಓಡುವ ಮೊದಲು ವ್ಯಾಸಲಿನ್ ಸವರಿಕೊಂಡರೆ ಸಾಕು.

ರಾತ್ರಿ ಹೊತ್ತು ತುರಿಕೆ ಹೆಚ್ಚಾಗಿ, ಬೆರಳ ಸಂದಿಯಲ್ಲೂ ಗುಳ್ಳೆ ಎದ್ದು, ಮನೆಯ ಇನ್ನಿಬ್ಬರು ಮೈ ಕೆರೆದುಕೊಳ್ಳುತ್ತಿದ್ದರೆ ಅದು ಕಜ್ಜಿ. ಕಜ್ಜಿಯ ನುಸಿಗೆ ಹೆಂಗಸರ ತೊಟ್ಟಿನ ಸುತ್ತಲ ಜಾಗ ಇಷ್ಟ. ವೈದ್ಯರು ಕೊಡುವ ಮುಲಾಮನ್ನು ಮನೆಮಂದಿಯೆಲ್ಲ ಒಂದೇ ದಿನ ಹಚ್ಚಿಕೊಳ್ಳದಿದ್ದರೆ ಅದು ಒಬ್ಬರಿಂದೊಬ್ಬರಿಗೆ ಸುತ್ತುತ್ತಲೇ ಇರುತ್ತದೆ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ಸಂಗತಿ. 1874ರಲ್ಲಿ ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ಶಸ್ತ್ರವೈದ್ಯ ಜೇಮ್ಸ್ ಪ್ಯಾಜೆಟ್ ಕೆಲವೇ ಪುಟಗಳ ಬರಹವೊಂದನ್ನು ಪ್ರಕಟಿಸಿದ. ಸುಮಾರು 15 ಹೆಂಗಸರ ತೊಟ್ಟಿನ ಮೇಲೆ ಇಸುಬಿನಂಥ ಕೆಂಪು ಹುಣ್ಣನ್ನು ಅವನು ಕಂಡಿದ್ದ. ತುರಿಕೆ, ಉರಿ, ಹಳದಿ ರಸಿಗೆ. ಯಾವ ಔಷಧಕ್ಕೂ ಬಗ್ಗಲಿಲ್ಲ. ಎರಡು ವರ್ಷದೊಳಗೆ ಅವರೆಲ್ಲರಿಗೂ ಅದೇ ಸ್ತನದಲ್ಲಿ ಕ್ಯಾನ್ಸರ್ ಬಂತು. ಚರ್ಮದ ಕೆರಳಿಕೆಯೇ ಒಳಗೆ ಕ್ಯಾನ್ಸರ್ ಹುಟ್ಟಿಸಿರಬೇಕು ಎಂದು ಪ್ಯಾಜೆಟ್ ಊಹಿಸಿದ. 1889ರಲ್ಲಿ ಫ್ರಾನ್ಸಿನ ಚರ್ಮವೈದ್ಯ ದಾರಿಯೇ (Darier) ಆ ಚರ್ಮದಲ್ಲಿ ವಿಚಿತ್ರ ದೊಡ್ಡ ಜೀವಕೋಶಗಳನ್ನು ಕಂಡು ಪರೋಪಜೀವಿಗಳೆಂದ.

ಬಹುತೇಕ ರೋಗಿಗಳಲ್ಲಿ ನಡೆಯುವುದು ಪ್ಯಾಜೆಟ್ ಊಹಿಸಿದ್ದಕ್ಕೆ ತಿರುವುಮುರುವು ಎಂಬುದು ಇಂದಿನ ತಿಳಿವಳಿಕೆ. ಕ್ಯಾನ್ಸರ್ ಮೊದಲು ಹುಟ್ಟುವುದು ಒಳಗಿನ ಹಾಲಿನ ನಾಳದಲ್ಲಿ. ಅಲ್ಲಿಂದ ಕ್ಯಾನ್ಸರ್ ಕೋಶಗಳು, ಅಂದರೆ ಆ ಫ್ರೆಂಚ್ ವೈದ್ಯ ಪರೋಪಜೀವಿಗಳೆಂದುಕೊಂಡವೇ, ನಾಳದ ಗುಂಟ ತೊಟ್ಟಿಗೆ ಏರುತ್ತವೆ. ಏಕೆ ಏರುತ್ತವೆ? ನನ್ನನ್ನು ಬೆರಗುಗೊಳಿಸುವುದು ಇದೇ. ತೊಟ್ಟಿನ ಚರ್ಮದ ಆರೋಗ್ಯವಂತ ಕೋಶಗಳು ಹೆರೆಗ್ಯುಲಿನ್ ಎಂಬ ಪ್ರೋಟೀನ್ ಸ್ರವಿಸುತ್ತವೆ. ಅದನ್ನು ಗುರುತಿಸಿ ಹಿಡಿಯುವ ಗ್ರಾಹಕಗಳು (ರಿಸೆಪ್ಟರ್) ಈ ಕ್ಯಾನ್ಸರ್ ಕೋಶಗಳ ಮೈಮೇಲಿವೆ. ಹರ್‌-2 ಎಂಬ ಜೊತೆ ಗ್ರಾಹಕವಂತೂ ಬಹುಪಾಲು ರೋಗಿಗಳಲ್ಲಿ ವಿಪರೀತವಾಗಿರುತ್ತದೆ. ಬೆಲ್ಲದ ಡಬ್ಬಿ ಹುಡುಕಿಕೊಂಡು ಇರುವೆ ಗೋಡೆ ಹತ್ತುವಂತೆ ಅವು ಆ ಪ್ರೋಟೀನಿನ ಜಾಡು ಹಿಡಿದು ಚರ್ಮದ ಪದರದೊಳಕ್ಕೆ ನುಗ್ಗುತ್ತವೆ. ಚರ್ಮದ ಕೋಶಗಳ ನಡುವಿನ ಬೆಸುಗೆ ಸಡಿಲವಾಗುತ್ತದೆ, ನೀರು ಒಸರುತ್ತದೆ, ಹಕ್ಕಳೆ ಕಟ್ಟುತ್ತದೆ, ತುರಿಸುತ್ತದೆ.

ಈ ಪ್ಯಾಜೆಟ್ ರೋಗ ಅಪರೂಪ. ಸ್ತನ ಕ್ಯಾನ್ಸರ್‌ಗಳಲ್ಲಿ ಶೇ. 1ರಿಂದ 4ರಷ್ಟು ಮಾತ್ರ. ಹಾಗಾಗಿ ತುರಿಸಿದ ಕೂಡಲೇ ಎದೆ ಒಡೆದುಕೊಳ್ಳಬೇಕಿಲ್ಲ. ಆದರೆ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಕೈಗೆ ಗಂಟೇ ಸಿಗುವುದಿಲ್ಲ. 'ಗಂಟಿಲ್ಲವಲ್ಲ, ಇನ್ನೇನು ಭಯ' ಎಂಬ ಸಮಾಧಾನ ಇಲ್ಲಿ ನಡೆಯದು.

ಇಸುಬು ಸಾಮಾನ್ಯವಾಗಿ ಎರಡೂ ಕಡೆ ಬರುತ್ತದೆ, ಸುತ್ತಲ ಕಪ್ಪು ಭಾಗದಲ್ಲಿ ಹೆಚ್ಚು. ಪ್ಯಾಜೆಟ್ ರೋಗ ಸಾಮಾನ್ಯವಾಗಿ ಒಂದೇ ಕಡೆ, ತೊಟ್ಟಿನಿಂದಲೇ ಶುರುವಾಗಿ ಹೊರಕ್ಕೆ ಹಬ್ಬುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಕೊಡುವ ಸ್ಟಿರಾಯ್ಡ್ ಬೆರೆತ ಕ್ರೀಮು ಈ ವ್ಯತ್ಯಾಸವನ್ನೇ ಅಳಿಸಿಹಾಕುತ್ತದೆ: ಕ್ಯಾನ್ಸರಿನ ಕೆಂಪೂ ಕೆಲಕಾಲ ತಗ್ಗಿ ವಾಸಿಯಾಯಿತೆಂಬ ಭ್ರಮೆ ಹುಟ್ಟುತ್ತದೆ. 2018ರಲ್ಲಿ ಹಚ್ಚುವ ಸ್ಟಿರಾಯ್ಡ್‌ಗಳನ್ನು ವೈದ್ಯರ ಚೀಟಿ ಬೇಕಾದ ಔಷಧಗಳ ಪಟ್ಟಿಗೆ ಸೇರಿಸಿದರೂ ಚೀಟಿ ಕೇಳುವ ಅಂಗಡಿಗಳು ಕಡಿಮೆ ಎಂಬುದು ನನ್ನ ಚಿಂತೆ.

ಒಂದೇ ಕಡೆಯ ತುರಿಕೆ ಅಥವಾ ಹಕ್ಕಳೆ ಎರಡು ವಾರ ಕಳೆದರೂ ಮಾಯದಿದ್ದರೆ, ರಕ್ತ ಅಥವಾ ನೀರು ಒಸರಿದರೆ, ತೊಟ್ಟು ಹೊಸದಾಗಿ ಒಳಸೇರಿದರೆ, ಸ್ತನದಲ್ಲೋ ಕಂಕುಳಲ್ಲೋ ಗಂಟು ಸಿಕ್ಕರೆ ಕಾಯಬೇಡಿ. ಸ್ತನ ಬೇಗ ಬೇಗ ಕೆಂಪಾಗಿ ಊದಿ ಚರ್ಮ ಕಿತ್ತಳೆ ಸಿಪ್ಪೆಯಂತಾದರಂತೂ ಅಂದೇ ಹೊರಡಿ. ಬಾಣಂತಿಗೆ ಜ್ವರ ಬಂದು ಎದೆ ಬಿಸಿಯಾಗಿ ನೋಯುತ್ತಿದ್ದರೂ ಅಷ್ಟೇ. ಗಂಡಸರಿಗೂ ಇವೇ ಲಕ್ಷಣಗಳು ಅನ್ವಯಿಸುತ್ತವೆ.

ಮೊದಲಿಗೇ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕಿಲ್ಲ. ಜಿಲ್ಲಾ ಆಸ್ಪತ್ರೆಯ ಚರ್ಮದ ಡಾಕ್ಟರೋ ಸರ್ಜನ್ನರೋ ಸಾಕು. ಮಹಿಳಾ ವೈದ್ಯರೇ ಬೇಕೆಂದು ಕೇಳಬಹುದು, ಜೊತೆಗೆ ಅಕ್ಕನನ್ನೋ ಅತ್ತಿಗೆಯನ್ನೋ ಕರೆದೊಯ್ಯಬಹುದು. ಅನುಮಾನ ಬಂದರೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕೆಲವೇ ಮಿಲಿಮೀಟರಿನ ಚರ್ಮದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ, ಮ್ಯಾಮೋಗ್ರಾಮ್ (ಸ್ತನದ ಎಕ್ಸ್‌ರೇ) ಮಾಡಿಸುತ್ತಾರೆ. ಕ್ರೀಮು ಹಚ್ಚಿದ್ದರೆ ಅದರ ಟ್ಯೂಬನ್ನು ತಪ್ಪದೆ ಒಯ್ದು ತೋರಿಸಿ.