ಮೋಷನ್ ಕಂಟ್ರೋಲ್ ಅಂದ್ರೆ ಬರೀ ಅಲ್ಲಾಡ್ಸೋದಲ್ಲ

ಬಟನ್ ಒತ್ತೋ ಬದಲು ಕೈ-ಮೈ ಚಲನೆಯಿಂದ್ಲೇ ಗೇಮ್ ಆಡಿಸೋದಕ್ಕೆ ಮೋಷನ್ ಕಂಟ್ರೋಲ್ ಅಂತಾರೆ. "ಮೋಷನ್ ಕಂಟ್ರೋಲ್ ಗೇಮಿಗೆ ಸೂಟ್ ಆಗಲ್ಲ, ನಿಂಟೆಂಡೊದ ವೀ ಕನ್ಸೋಲ್ ಜೊತೆನೇ ಮುಗೀತು" ಅಂತ ಬರೆಯೋರೇ ಮೊಬೈಲ್ ಶೂಟಿಂಗ್ ಗೇಮ್ ಬಿಜಿಎಂಐಲಿ ಜೈರೋ (ತಿರುಗೋದನ್ನ ಅಳೆಯೋ ಸೆನ್ಸರ್) ಆನ್ ಮಾಡ್ಕೊಂಡು ಆಡ್ತಿರ್ತಾರೆ. ಫೋನನ್ನ ಸ್ವಲ್ಪ ಓರೆ ಮಾಡಿ ಗನ್ನಿನ ರಿಕಾಯಿಲ್ (ಗುಂಡು ಹಾರಿದಾಗಿನ ಒದೆತ) ಹಿಡಿಯೋದೂ ಮೋಷನ್ ಕಂಟ್ರೋಲೇ ಕಣ್ರಿ. ಇನ್ನು ಕೆಲವ್ರು ಕಂಟ್ರೋಲರ್ ವೈಬ್ರೇಟ್ ಆಗೋದನ್ನೂ ಇದಕ್ಕೇ ಸೇರಿಸ್ತಾರೆ. ಅದು ಗೇಮಿಂದ ಕೈಗೆ ಬರೋದು, ಇದು ಕೈಯಿಂದ ಗೇಮಿಗೆ ಹೋಗೋದು.

ನಿಜವಾದ ಗೊಂದಲ ಇರೋದು ಒಳಗಿನ ಸೆನ್ಸರ್ ವಿಷಯದಲ್ಲಿ. 2006ರಲ್ಲಿ ಬಂದ ನಿಂಟೆಂಡೊ ವೀ ರಿಮೋಟಲ್ಲಿ ಜೈರೋನೇ ಇರ್ಲಿಲ್ಲ. ಇದ್ದಿದ್ದು ಆಕ್ಸಿಲರೋಮೀಟರ್, ಮುಂದ್ಗಡೆ ಒಂದು ಇನ್‌ಫ್ರಾರೆಡ್ ಕ್ಯಾಮೆರಾ. ಆಕ್ಸಿಲರೋಮೀಟರಿಗೆ ಜೋರಾಗಿ ಬೀಸಿದ್ದು ಗೊತ್ತಾಗತ್ತೆ, ಸುಮ್ನೆ ಹಿಡ್ಕೊಂಡಾಗ ಗುರುತ್ವ ಯಾವ ಕಡೆ ಎಳೀತಿದೆ ಅನ್ನೋದೂ ಗೊತ್ತಾಗತ್ತೆ, ಆದ್ರೆ ರಿಮೋಟನ್ನ ಮಟ್ಟಸವಾಗಿ ಹಿಡಿದು ನಿಧಾನಕ್ಕೆ ಎಡಕ್ಕೋ ಬಲಕ್ಕೋ ತಿರುಗಿಸಿದ್ರೆ ಗುರುತ್ವದ ದಿಕ್ಕು ಬದಲಾಗೋದೇ ಇಲ್ವಲ್ಲ, ಹಾಗಾಗಿ ಅದಕ್ಕೆ ಏನೂ ತಿಳಿಯಲ್ಲ. ವೀ ಸ್ಪೋರ್ಟ್ಸ್ ಟೆನಿಸಲ್ಲಿ ಸೋಫಾ ಮೇಲೆ ಕೂತು ಮಣಿಕಟ್ಟು ಜಾಡಿಸಿದ್ರೂ ಶಾಟ್ ಬೀಳ್ತಿದ್ದಿದ್ದು ಇದಕ್ಕೇ. ಟೀವಿ ಕೆಳಗೆ ಇಡೋ "ಸೆನ್ಸರ್ ಬಾರ್" ಅಂತೂ ಹೆಸರಲ್ಲೇ ತಪ್ಪು, ಅದು ಏನನ್ನೂ ಸೆನ್ಸ್ ಮಾಡಲ್ಲ, ಎರಡೂ ತುದೀಲಿ ಇನ್‌ಫ್ರಾರೆಡ್ ಎಲ್‌ಇಡಿ ಉರಿಯತ್ತೆ ಅಷ್ಟೇ, ನೋಡೋ ಕೆಲ್ಸ ರಿಮೋಟಿನ ಕ್ಯಾಮೆರಾದ್ದು. ಬಾರ್ ತೆಗೆದು ಎರಡು ಮೇಣದಬತ್ತಿ ಹಚ್ಚಿಟ್ರೂ ಪಾಯಿಂಟರ್ ನಡೆಯತ್ತೆ.

ತಿರುಗೋ ವೇಗ ಅಳೆಯೋ ಜೈರೋ ವೀ ರಿಮೋಟಿಗೆ ಬಂದಿದ್ದು 2009ರಲ್ಲಿ, ಮೋಷನ್‌ಪ್ಲಸ್ ಅನ್ನೋ ಸಣ್ಣ ಅಡಾಪ್ಟರ್ ರೂಪದಲ್ಲಿ. ಅದನ್ನ ನಂಬ್ಕೊಂಡೇ 2011ರ ಸ್ಕೈವರ್ಡ್ ಸ್ವೋರ್ಡ್ ಗೇಮ್ ಮಾಡಿದ್ರು. ಶತ್ರು ಯಾವ ಕಡೆ ತಡೀತಿದಾನೆ ನೋಡಿ ಕತ್ತಿ ಇನ್ನೊಂದು ಕಡೆಯಿಂದ ಬೀಸ್ಬೇಕು. ಬೀಸಿದ ದಿಕ್ಕಿಗೇ ಅಲ್ಲಿ ಅರ್ಥ ಇದೆ. ಅದೇ 2010ರ ಡಾಂಕಿ ಕಾಂಗ್ ಕಂಟ್ರಿ ರಿಟರ್ನ್ಸ್ ಗೇಮನ್ನ ವೀ ಮೇಲೆ ಆಡುವಾಗ ಉರುಳೋಕೆ ರಿಮೋಟ್ ಅಲ್ಲಾಡಿಸ್ಬೇಕು, ಯಾವ ಕಡೆ ಎಷ್ಟು ಅನ್ನೋದು ಲೆಕ್ಕಕ್ಕೇ ಇಲ್ಲ, ಅಂದ್ರೆ ಒಂದು ಬಟನ್ ಮಾಡೋ ಕೆಲ್ಸಾನ ಕೈ ನೋಯಿಸಿ ತಡವಾಗಿ ಮಾಡಿಸ್ದಂಗಾಯ್ತು. 2013ರಲ್ಲಿ ಅದೇ ಗೇಮನ್ನ ಕೈಯಲ್ಲಿ ಹಿಡಿದು ಆಡೋ 3ಡಿಎಸ್‌ಗೆ ತಂದಾಗ ಅದನ್ನ ಬಟನ್ನಿಗೇ ಕೊಟ್ರು. ಜನ ಬೈಯ್ಯೋದು ಈ ಅಲ್ಲಾಡ್ಸೋ ಜಾತಿಯನ್ನ, ಆದ್ರೆ ಹೆಸರು ಮಾತ್ರ ಇಡೀ ಮೋಷನ್ ಕಂಟ್ರೋಲಿಂದು ಹಾಳಾಗತ್ತೆ. ನಂಗೆ ಸಿಟ್ಟು ಬರೋದೇ ಅಲ್ಲಿ.

ಕಿನೆಕ್ಟ್ ಕಥೆ ಬೇರೆ. 2010ರಲ್ಲಿ ಎಕ್ಸ್‌ಬಾಕ್ಸ್‌ಗೆ ಬಂದ ಡೆಪ್ತ್ ಕ್ಯಾಮೆರಾ (ದೂರ ಅಳೆಯೋ ಕ್ಯಾಮೆರಾ) ಅದು, ಕೈಯಲ್ಲಿ ಏನೂ ಇರಲ್ಲ, ಹೆಬ್ಬೆರಳಲ್ಲಿ ತಳ್ಳೋ ಸ್ಟಿಕ್ಕೇ ಇಲ್ದೆ ರೂಮಲ್ಲಿ ನಿಂತಲ್ಲೇ ನಿಂತು ಗೇಮೊಳಗೆ ಮುಂದೆ ನಡೆಯೋದು ಹೇಗೆ? ಇಡೀ ಮೈ ನೋಡ್ಲೇಬೇಕಾದ ಡ್ಯಾನ್ಸ್ ಗೇಮುಗಳಿಗೆ ಮಾತ್ರ ಚೆನ್ನಾಗಿ ಒಗ್ಗಿತು.

ಶೂಟರುಗಳಿಗೆ ಜೈರೋ ಎಷ್ಟು ಸೂಟ್ ಆಗತ್ತೆ ಅನ್ನೋದಕ್ಕೆ 2015ರ ನಿಂಟೆಂಡೊ ಶೂಟರ್ ಸ್ಪ್ಲಾಟೂನ್ ನೋಡಿ. ದೊಡ್ಡ ತಿರುವು ಸ್ಟಿಕ್ಕಲ್ಲಿ, ಸಣ್ಣ ಗುರಿ ಕೈ ಓರೆ ಮಾಡಿ. ಹೆಬ್ಬೆರಳಲ್ಲಿ ಸ್ಟಿಕ್ ಹಿಡಿದು ಗುರಿ ತಿದ್ದೋಕಿಂತ ಇದು ಸಲೀಸು, ಒಂದು ವಾರ ಕಷ್ಟ ಆಗತ್ತೆ, ಆಮೇಲೆ ಬಿಡೋಕಾಗಲ್ಲ. ಜೈರೋ ಲೆಕ್ಕ ನಿಧಾನಕ್ಕೆ ಜಾರತ್ತೆ ಅನ್ನೋದು ನಿಜ, ಅದಕ್ಕೇ ನೋಟ ಮತ್ತೆ ನೇರ ಮಾಡೋ ಬಟನ್ ಕೊಟ್ಟಿರ್ತಾರೆ. ಹಿಂಗಿದ್ರೂ 2020ರ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಕಂಟ್ರೋಲರಲ್ಲಿ ಜೈರೋ ಹಾಕ್ಲೇ ಇಲ್ಲ, ಅದು ನನ್ನ ಪ್ರಕಾರ ದೊಡ್ಡ ತಪ್ಪು.

2025ರ ನಿಂಟೆಂಡೊ ಸ್ವಿಚ್ 2ರಲ್ಲಿ ಜಾಯ್-ಕಾನ್ ಅನ್ನೋ ಸಣ್ಣ ಕಂಟ್ರೋಲರನ್ನ ಮೇಜಿನ ಮೇಲೆ ಮೌಸ್ ಥರ ಜಾರಿಸ್ಬೋದು, ಅದನ್ನೂ ಈಗ ಮೋಷನ್ ಕಂಟ್ರೋಲ್ ಅಂತಿದಾರೆ. ಅದು ಮಾಮೂಲಿ ಮೌಸಿನ ಕೆಲ್ಸ, ಕೆಳಗಿನ ಮೇಲ್ಮೈ ನೋಡೋ ಆಪ್ಟಿಕಲ್ ಸೆನ್ಸರ್. ಜೈರೋ ಅದೇ ಜಾಯ್-ಕಾನೊಳಗೆ ಬೇರೆ ಇದೆ.